ಮಂದಿ ಹಾಕಿದ ಗಂಟು

1978ರ ಮೇ 14, ರವಿವಾರ, ಬೆಳಿಗ್ಗೆ 11 ಗಂಟೆ 8 ನಿಮಿಷ. ಹಿರೇಕೆರೂರಿನಲ್ಲಿ ಬೀಗರ ಮನೆಯ ಒಳಕೋಣೆಯಲ್ಲಿ ನಾನು ಮದುಮಗಳಾಗಿ ಮಣೆಯ ಮೇಲೆ ಕುಳಿತಿದ್ದೆ. ಬಳೆ ಇಡಿಸುವಾಗ ಅವ್ವ ನನ್ನ ಕೈಗಡಿಯಾರ ಬಿಚ್ಚಿಸಿ ತನ್ನ ಚೀಲಕ್ಕೆ ಹಾಕಿಕೊಂಡಿದ್ದಳು. ಗೋಡೆಯ ಗಡಿಯಾರ ನಾಲ್ಕು ನಿಮಿಷ ಮುಂದಿತ್ತು. ಆ ನಾಲ್ಕನ್ನು ಕಳೆದೇ ಈ ಹೊತ್ತು ಹೇಳುತ್ತಿದ್ದೇನೆ. ಅಕ್ಕಿಕಾಳಿನ, ಅಂದರೆ ತಾಳಿ ಕಟ್ಟಿ ಅಕ್ಷತೆ ಹಾಕುವ, ಮುಹೂರ್ತ 12 ಗಂಟೆ 26 ನಿಮಿಷಕ್ಕಿತ್ತು.

ಹೊರಗೆ ಹಂದರದಿಂದ ಒಂದು ದೊಡ್ಡ ದನಿ ಕೇಳಿಸಿತು.

"ಟೈ ಬಿಚ್ಚಿದವರು ಯಾರು?"

ಅದು ನನ್ನ ಮಾವನಾಗಬೇಕಿದ್ದ ಮೈಲಾರಲಿಂಗಪ್ಪನವರ ದನಿ. ನನ್ನ ಬಲಕ್ಕೆ ಕುಳಿತಿದ್ದ ಅವ್ವನ ಕೈ ನನ್ನ ತೊಡೆಯ ಮೇಲೆ ಬಂದು ಬಿಗಿಯಾಯಿತು. ಎಡಕ್ಕೆ ಕುಳಿತಿದ್ದ ನನ್ನ ಗೆಳತಿ ಜನ್ನತಬಿ ಮಾತ್ರ ಏನೂ ತಿಳಿಯದೆ ನನ್ನ ತಲೆಯ ದಂಡೆಯ ಮಲ್ಲಿಗೆ ಸರಿಪಡಿಸುತ್ತಿದ್ದಳು.

ಟೈ ಎಂಬ ಮಾತಿಗೆ ನಾವು ತಾಯಿ ಮಗಳು ಹೀಗೆ ಬೆಚ್ಚಲು ಕಾರಣವಿತ್ತು.

ನನ್ನ ಹೆಸರು ಸರೋಜಾ, ಮನೆಯಲ್ಲಿ ಸರೋಜವ್ವ. ಶಿಗ್ಗಾಂವಿಯಲ್ಲಿ ಕಾಳುಕಡಿ ವ್ಯಾಪಾರದ ಶಂಕ್ರಪ್ಪನ ಮಗಳು. ಧಾರವಾಡದಲ್ಲಿ ರಸಾಯನಶಾಸ್ತ್ರ ಓದುವಾಗ ಸವಣೂರಿನ ಜನ್ನತಬಿ ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲೇ ಇದ್ದಳು. ಅವಳ ತಂದೆ ದರ್ಜಿ. ಬ್ಯಾಂಡಿನವರ ಅಂಗಿ, ಮದುಮಕ್ಕಳ ಸೂಟು ಅವರ ಕೈಯಲ್ಲೇ ಆಗಬೇಕು. ಕೊನೆಯ ವರ್ಷದ ಮೌಖಿಕ ಪರೀಕ್ಷೆಗೆ ಗಂಡುಹುಡುಗರೆಲ್ಲ ಟೈ ಕಟ್ಟಿಕೊಂಡು ಬರಬೇಕೆಂದು ನೋಟಿಸು ಹಚ್ಚಿದ್ದರು. ಜನ್ನತಬಿ ಅದನ್ನು ಎರಡು ಸಲ ಓದಿ, "ಕೊಳ್ಳಾಗ ಬಟ್ಟಿ ಇದ್ರ ಉತ್ತರ ಲಗೂನ ಹೊಳಿತಾವೇನ? ಹಂಗಾದ್ರ ನಮಗೂ ಬೇಕು," ಅಂದಳು. ಊರಿಂದ ಎರಡು ಟೈ ತಂದಳು. ಕನ್ನಡಿಯ ಮುಂದೆ ನಿಲ್ಲಿಸಿ ನನಗೆ ಗಂಟು ಕಲಿಸಿದಳು. "ಅಗಲಂದು ಸಣ್ಣದರ ಮ್ಯಾಲ, ಹಿಂದಿಂದ ಸುತ್ತು, ಮತ್ತ ಮುಂದ ತಾ, ಕೊಳ್ಳಿನ ಕಡಿಂದ ಮ್ಯಾಲೆತ್ತಿ ಈ ಸಂದ್ಯಾಗ ಇಳಿಸು. ಜಗ್ಗು. ಇಷ್ಟು ಜಗ್ಗಬ್ಯಾಡ, ಸಾಯ್ತಿ."

ಸೀರೆ, ಕಾಲರಿನ ಬಿಳಿ ಕುಪ್ಪಸ, ಟೈ. ಪರೀಕ್ಷಕರು ನಮ್ಮನ್ನು ನೋಡಿ ಕನ್ನಡಕ ಒರೆಸಿಕೊಂಡರು. ಆಮೇಲೆ ಪ್ರಶ್ನೆ ಕೇಳಿದರು, ಅಷ್ಟೇ.

ಜನ್ನತಬಿಗೆ ಅದು ಒಂದು ದಿನದ ಆಟ. ಮುಂದೆ ಮೂರು ನಾಲ್ಕು ಸಲ ಕಟ್ಟಿಕೊಂಡಿರಬಹುದು. ನನಗೆ ಅದು ಅಂಟಿಕೊಂಡಿತು. ಯಾಕೆಂದು ಬಹಳ ಯೋಚಿಸಿದ್ದೇನೆ. ನಾನು ಉಡುವ ಒಂದೊಂದು ಬಟ್ಟೆಗೂ ಏನನ್ನಾದರೂ ಮುಚ್ಚುವ ಕೆಲಸವಿತ್ತು. ಸೆರಗು ಜಾರಿದರೆ ಹತ್ತು ಕಣ್ಣು ತಿರುಗುತ್ತಿದ್ದವು. ಟೈಗೆ ಮುಚ್ಚುವ ಕೆಲಸವಿಲ್ಲ, ಬೆಚ್ಚಗಿಡುವ ಕೆಲಸವೂ ಇಲ್ಲ. ಸುಮ್ಮನೆ ಖುಷಿಗೆ ತೂಗುವ ಬಟ್ಟೆ ಅದು. ಶಿಗ್ಗಾಂವಿಯ ಕಾಲೇಜಿನಲ್ಲಿ ಡೆಮಾನ್‌ಸ್ಟ್ರೇಟರ್ ಆದ ಮೇಲೆ ಪ್ರತಿ ಶನಿವಾರ, ಪ್ರಯೋಗದ ತರಗತಿ ಮಾತ್ರ ಇರುವ ದಿನ, ನಾನು ಅದನ್ನು ಕಟ್ಟಿಕೊಳ್ಳತೊಡಗಿದೆ. ಬರ್ನರಿನ ಉರಿಗೆ ತಾಗದಂತೆ ತುದಿಯನ್ನು ಕುಪ್ಪಸದ ಗುಂಡಿಗಳ ನಡುವೆ ಸಿಕ್ಕಿಸುತ್ತಿದ್ದೆ. ಹುಡುಗರು ಎರಡು ವಾರ ನಕ್ಕರು. ಮೂರನೆಯ ವಾರದಿಂದ ಉಪ್ಪಿನ ವಿಶ್ಲೇಷಣೆಯಲ್ಲಿ ತಪ್ಪಿದರೆ, "ಟೈ ಮೇಡಮ್ಮರು ಬೈತಾರೋ," ಎಂದು ಹೆದರತೊಡಗಿದರು.

ಈ ಸುದ್ದಿ ಹಿರೇಕೆರೂರು ಮುಟ್ಟಿತು. ಫೆಬ್ರುವರಿಯಲ್ಲಿ ನಿಶ್ಚಯಕ್ಕೆ ಬಂದಾಗ ಮೈಲಾರಲಿಂಗಪ್ಪನವರು ಚಹಾದ ಬಸಿ ಕೆಳಗಿಟ್ಟು ನೇರ ಕೇಳಿದರು.

"ಶಂಕ್ರಪ್ಪನವರ, ಹುಡುಗಿ ಗಂಡಸರಂಗ ಟೈ ಕಟ್ಟಿಕೊಂಡು ಕಾಲೇಜಿಗೆ ಹೋಗ್ತಾಳಂತ. ಖರೇನ?"

ನಾನು ಬಾಗಿಲ ಹಿಂದೆ ನಿಂತಿದ್ದೆ. ಅಪ್ಪ ಒಂದು ಉಸಿರು ತಗೊಳ್ಳುವಷ್ಟು ಹೊತ್ತೂ ತಡೆಯಲಿಲ್ಲ. "ಛೇ ಛೇ, ನಮ್ಮಾಕಿ ಅಲ್ರಿ. ಅಕಿ ಗೆಳತಿ ಒಬ್ಬಾಕಿ ಅದಾಳ, ಸವಣೂರ ದರ್ಜಿ ಮಗಳು. ಅಕಿದು ಆ ಉದ್ಯೋಗ. ಮಂದಿ ಇಬ್ಬರನ್ನೂ ಕೂಡಿಸಿ ಆಡ್ತಾರ."

"ಹಂಗಾದ್ರ ಪಾಡ ಆತು. ಅಂಥಾ ಹೆಣ್ಣು ನಮ್ಮ ಮನಿಗೆ ಆಗಂಗಿಲ್ಲ, ಮೊದಲ ಹೇಳೇನಿ. ಸುಳ್ಳಿನ ಮ್ಯಾಲ ಬೀಗತನಾನೂ ಆಗಂಗಿಲ್ಲ."

ನಾನು ಬಾಗಿಲ ಹಿಂದಿಂದ ಹೊರಗೆ ಬರಲಿಲ್ಲ. ಅಪ್ಪ ಆಡಿದ ಸುಳ್ಳಿಗೆ ನಾನು ಮೂರು ತಿಂಗಳು ಬಾಯಿ ಮುಚ್ಚಿಕೊಂಡು ಒಪ್ಪಿಗೆ ಕೊಟ್ಟೆ. ಆ ರಾತ್ರಿಯೇ ಅವ್ವ ನನ್ನ ಟೈ ತೆಗೆದುಕೊಂಡು ಹೋಗಿ ಅಂಗಡಿಯ ಜೋಳದ ಚೀಲವೊಂದರ ಬಾಯಿ ಕಟ್ಟಿದಳು. ಜನ್ನತಬಿಗೆ ಈ ಯಾವುದೂ ಗೊತ್ತಿರಲಿಲ್ಲ.

ಇನ್ನು ಮದುವೆಯ ದಿನದ ಟೈ. ಮದುಮಗನಿಗೆ ಸೂಟು ಕೊಡುವುದು ಹೆಣ್ಣಿನವರ ಕಡೆಯದು. ಅಪ್ಪ ಸವಣೂರಿನಲ್ಲೇ, ಜನ್ನತಬಿಯ ತಂದೆಯ ಕಡೆಯಿಂದಲೇ ಹೊಲಿಸಿದ್ದ. ಆ ದಿನಗಳಲ್ಲಿ ನಮ್ಮ ಕಡೆ ಟೈ ಎಂದರೆ ದರ್ಜಿಯೇ ಗಂಟು ಹಾಕಿ ಕೊಟ್ಟ ಟೈ. ಕುಣಿಕೆ ಸಡಿಲಿಸಿ ತಲೆಯಿಂದ ಇಳಿಸುವುದು, ಜಗ್ಗುವುದು, ಸಂಜೆ ಹಾಗೇ ತೆಗೆದು ಮೊಳೆಗೆ ತೂಗುಹಾಕುವುದು. ಒಂದೇ ಗಂಟಿನಲ್ಲಿ ಅಣ್ಣ ತಮ್ಮಂದಿರ ಮೂರು ಮದುವೆ ಆದದ್ದೂ ಉಂಟು. ಬಿಚ್ಚುವ ಮಾತೇ ಇರಲಿಲ್ಲ.

ಆದರೆ ಬೀಗರ ಮನೆತನಕ್ಕೆ ಒಂದು ಪದ್ಧತಿ ಇತ್ತು. ಮದುವೆಯ ಸ್ನಾನಕ್ಕೆ ಸುರಗಿಯ ನೀರು ಹಾಕಿದ ಮೇಲೆ ಮದುಮಗನ ಮೈಮೇಲೆ ಮಂದಿ, ಅಂದರೆ ಹೊರಗಿನವರು, ಹಾಕಿದ ಗಂಟು ಇರಬಾರದು. ಉಡಿದಾರ, ತಾಯತದ ದಾರ, ಧೋತರದ ಗಂಟು, ಎಲ್ಲ ಬಿಚ್ಚಿ ಮನೆಯವರ ಕೈಯಿಂದಲೇ ಹೊಸದಾಗಿ ಕಟ್ಟಬೇಕು. ಇದನ್ನು ನಡೆಸುವಾಕೆ ಮೈಲಾರಲಿಂಗಪ್ಪನವರ ಸತ್ತ ಅಣ್ಣನ ಹೆಂಡತಿ ಮುದಕವ್ವ. ಅರವತ್ತು ದಾಟಿದಾಕೆ. ಮೇ ತಿಂಗಳ ಕುದಿಯಲ್ಲೂ ಸೀರೆಯ ಮೇಲೆ ಗಂಡನ ಹಳೆಯ ಕಪ್ಪು ಕೋಟು ಹಾಕಿಕೊಂಡೇ ಓಡಾಡುತ್ತಿದ್ದಳು. ಉಗ್ರಾಣದ ಕೀಲಿಕೈಗಳೆಲ್ಲ ಅದರ ಕಿಸೆಯಲ್ಲಿದ್ದವು. ಸೂಟಿನ ಪೆಟ್ಟಿಗೆ ತೆರೆದಾಗ ಟೈಯಲ್ಲಿ ಗಂಟು ಕಂಡಿತು. ಬಿಚ್ಚಿದಳು. ಬಿಚ್ಚಿದ ಮೇಲೆ ನೀರು ಚಿಮುಕಿಸಿ, ತಾಮ್ರದ ತಂಬಿಗೆಯಲ್ಲಿ ಕೆಂಡ ಹಾಕಿ ಇಸ್ತ್ರಿ ಮಾಡಿಸಿ, ಸುಕ್ಕು ಕೂಡ ಉಳಿಯದಂತೆ ಮಡಿಸಿಟ್ಟಳು. ಗಂಟಿನ ಗುರುತು ಹುಡುಕಿ ಮತ್ತೆ ಸುತ್ತೋಣವೆಂದರೆ ಗುರುತೇ ಇಲ್ಲ.

ಹಂದರದಲ್ಲಿ ಟೈ ಕೈಯಿಂದ ಕೈಗೆ ಹೋಯಿತು. ಬಾಗಿಲ ಪರದೆಯ ಸಂದಿಯಿಂದ ನನಗೆ ಅರ್ಧ ಕಾಣುತ್ತಿತ್ತು. ಒಬ್ಬರು ಎತ್ತು ಕಟ್ಟುವ ದಾಬಿನ ಹಗ್ಗಕ್ಕೆ ಹಾಕುವ ಗಂಟು ಹಾಕಿದರು. ಮತ್ತೊಬ್ಬರು, "ಅದು ಜಗ್ಗಿದ್ರ ಬಿಗೀತೈತೋ ಮಾರಾಯ, ಮದಿವಿ ದಿನಾನ ಅವನ್ನ ಕಳಿಸ್ತೀಯೇನು?" ಎಂದು ಬಿಚ್ಚಿದರು. ಬ್ಯಾಂಡಿನ ಹಿರಿಯನನ್ನು ಕರೆಸಿದರು. ಆತ ತನ್ನ ಟೈ ಎಳೆದು ಬಿಟ್ಟು ತೋರಿಸಿದ. ಅದು ಪಟ್ಟನೆ ಹಿಂದಕ್ಕೆ ಬಡಿಯಿತು. "ನಮ್ಮವು ರಬ್ಬರಿನವು ಸಾಹೇಬ್ರ."

"ಟೈ ಇಲ್ದ ನಡೀತೈತಿ ಬಿಡ್ರಿ," ಅಂದ ಅಪ್ಪ.

"ಹೆಂಗ ನಡೀತೈತಿ? ಹಾನಗಲ್ಲಿನಿಂದ ಅವನ ಬ್ಯಾಂಕಿನ ಸಾಹೇಬ್ರು ಬರಾಕತ್ತಾರ. ಸೂಟ ಹಾಕಿ ಕೊಳ್ಳ ಬರಿದು ಬಿಟ್ಕೊಂಡು ನಿಂದ್ರಲೇನು ನನ್ನ ಮಗ?" ಮೈಲಾರಲಿಂಗಪ್ಪನವರು ಒಮ್ಮೆಲೇ ನಿಂತರು. "ನಿಮ್ಮ ಪೈಕಿ ಸವಣೂರ ಹುಡುಗಿ ಬಂದಾಳಲ್ಲ? ಆ ಟೈ ಹುಡುಗಿ? ಕರೀರಿ ಅಕಿನ್ನ. ಅಕಿ ಉದ್ಯೋಗ ಇವತ್ತರ ಯಾರಿಗಾರ ಉಪಯೋಗ ಆಗಲಿ."

ಹೆಂಗಸರ ಕೋಣೆಯಲ್ಲಿ ಇಪ್ಪತ್ತು ಮುಖಗಳು ಒಟ್ಟಿಗೆ ಜನ್ನತಬಿಯ ಕಡೆ ತಿರುಗಿದವು.

"ಟೈ ಹುಡುಗಿ?" ಜನ್ನತಬಿ ನನ್ನ ಕಿವಿಯ ಹತ್ತಿರ ಬಂದಳು. "ನಾನ? ಅವರಿಗೆ ಯಾರು ಹೇಳಿದ್ರು ಸರೋ?"

ಅವಳು ನನ್ನ ಮುಖ ನೋಡಿದಳು, ಅವ್ವನ ಮುಖ ನೋಡಿದಳು. ಲೆಕ್ಕ ಕೂಡಿತು.

"ಓ," ಅಂದಳು. "ಹಂಗ."

ಅವ್ವ ಅವಳ ಕೈ ಹಿಡಿದು ಪಿಸುಗುಟ್ಟಿದಳು. "ಯವ್ವಾ, ನಿನ್ನ ಕಾಲಿಗೆ ಬೀಳತೇನಿ. ಇದೊಂದ ಸಲ. ಇನ್ನ ಒಂದ ತಾಸು ದಾಟಿದ್ರ ಮುಗೀತು."

ಜನ್ನತಬಿ ಕೈ ಬಿಡಿಸಿಕೊಂಡು ಎದ್ದಳು. ಬಾಗಿಲಲ್ಲಿ ಟೈ ತಂದು ಹಿಡಿದಿದ್ದ ಹೆಂಗಸಿನಿಂದ ಅದನ್ನು ಇಸಕೊಂಡಳು. ಟೈ ಗಂಟು ಗಾಳಿಯಲ್ಲಿ ಆಗುವುದಿಲ್ಲ, ಅದಕ್ಕೊಂದು ಕೊರಳು ಬೇಕು. ಮದುಮಗನ ಕೊರಳನ್ನು ಅವಳು ಮುಟ್ಟುವ ಹಾಗಿಲ್ಲ. ತನ್ನ ಕೊರಳಿಗೇ ಹಾಕಿಕೊಂಡಳು. ಗೋಡೆಯ ಕಡೆಯಿಂದ ಒಬ್ಬಾಕೆ ಬಾಯಿಗೆ ಸೆರಗು ಒತ್ತಿ ನಕ್ಕಳು.

"ನೋಡ ಹೆಂಗ ಕೈ ಓಡ್ತಾವ. ರೂಢಿ ಐತಿ ಬಿಡವಾ ಅಕಿಗೆ."

"ಇಂಥಾಕಿನ್ನ ಯಾರ ಮನಿ ತುಂಬಿಸ್ಕೊಂತಾರ ತಾಯಿ?"

ಜನ್ನತಬಿಯ ಬೆರಳು ನಿಂತವು. ಅವಳಿಗೆ ಹಾನಗಲ್ಲಿನಿಂದ ಒಂದು ಸಂಬಂಧ ಬಂದಿತ್ತು. ಇಲ್ಲಿ ಕುಳಿತ ಇಪ್ಪತ್ತು ಜನರಲ್ಲಿ ಒಬ್ಬರ ಬಾಯಿಂದ ಈ ಮಾತು ಹಾನಗಲ್ ಮುಟ್ಟಲು ಒಂದು ಬಸ್ಸು ಸಾಕು. ಹೋದ ವಾರ ಆ ಹುಡುಗನ ಬಗ್ಗೆ ನನಗೆ ನಾಲ್ಕು ಪುಟದ ಪತ್ರ ಬರೆದವಳು ಇವಳೇ. ಅದು ಇನ್ನೂ ನನ್ನ ಟ್ರಂಕಿನಲ್ಲಿತ್ತು.

ಮಣೆಯ ಮೇಲೆ ಕೂತ ಮದುಮಗಳು ಕರೆಯುವ ತನಕ ಏಳಬಾರದು. ನಾನು ಎದ್ದೆ.

"ಇಲ್ಲಿ ಕೊಡು."

"ಕುಂದ್ರ, ಸರೋಜವ್ವ," ಅವ್ವ ಸೀರೆ ಹಿಡಿದು ಜಗ್ಗಿದಳು. "ಕುಂದ್ರ!"

"ಜನ್ನತ, ಕೊಡು."

ಅವಳು ಕೊಡಲಿಲ್ಲ. ನಾನೇ ಅವಳ ಕೊರಳಿನಿಂದ ತೆಗೆದೆ. ದಂಡೆ ಕೆಡದಂತೆ ಹಿಂದಿನಿಂದ ನನ್ನ ಕೊರಳಿಗೆ ಸುತ್ತಿದೆ. ಅಗಲದ್ದು ಸಣ್ಣದರ ಮೇಲೆ, ಹಿಂದಿಂದ ಸುತ್ತು, ಮುಂದೆ, ಮೇಲೆ, ಇಳಿಸು. ನೋಡದೆಯೇ ಕಟ್ಟಬಲ್ಲೆ. ಹಸಿರು ಬಳೆಗಳು ಸದ್ದು ಮಾಡುತ್ತಿದ್ದವು. ಗಂಟು ಮೇಲಕ್ಕೆ ಸರಿಸಿ ತಲೆ ಎತ್ತಿದಾಗ ಪರದೆ ಪಕ್ಕಕ್ಕೆ ಸರಿದಿತ್ತು, ಬಾಗಿಲಲ್ಲಿ ಮೈಲಾರಲಿಂಗಪ್ಪನವರು ನಿಂತಿದ್ದರು. ಅವರ ಹಿಂದೆ ಅಪ್ಪ. ಅಪ್ಪನ ಹಿಂದೆ, ಸೂಟು ಹಾಕಿ ಬರಿಗೊರಳಲ್ಲಿ, ಮದುಮಗ ಪರಮೇಶ್ವರಪ್ಪ.

ಗೋಡೆಯ ಗಡಿಯಾರದಲ್ಲಿ 11.45. ಅಂದರೆ 11.41.

ಮೈಲಾರಲಿಂಗಪ್ಪನವರು ನನ್ನನ್ನು ಕಾಲಿಂದ ದಂಡೆಯವರೆಗೆ ನೋಡಿದರು. ನಂತರ ತಿರುಗದೆಯೇ ಕೇಳಿದರು. "ಶಂಕ್ರಪ್ಪನವರ, ನಿಶ್ಚಯದ ದಿನ ಏನ ಹೇಳಿದ್ರಿ ನನಗ?"

ಅಪ್ಪ ನೆಲ ನೋಡಿದ. ಗೋಣಿಚೀಲಕ್ಕೆ ಬೆರಳು ಹಾಕಿ ಕಾಳಿನ ತೇವ ಹೇಳುವ ಮನುಷ್ಯ, ಆಗ ಅದೇ ಬೆರಳಿಂದ ಅಂಗಿಯ ತುದಿ ತಿರುವುತ್ತಿದ್ದ.

"ಅಪ್ಪ ಹೇಳಿದ್ದು ಸುಳ್ಳರಿ," ನಾನೇ ಹೇಳಿದೆ. "ಟೈ ಕಟ್ಟಿಕೊಳ್ಳಾಕಿ ನಾ. ಎರಡ ವರ್ಷದಿಂದ, ಶನಿವಾರ ಶನಿವಾರ. ನಾ ಬಾಗಲ ಹಿಂದ ನಿಂತು ಕೇಳಿ ಸುಮ್ಮನಿದ್ದೆ. ಜನ್ನತಂದು ಇದರಾಗ ಏನೂ ಇಲ್ಲ."

"ಅಕಿನ್ನ ಬಿಡು. ನಮಗ ಹಾಕಿದ ಟೋಪಿ ಬಗ್ಗೆ ಹೇಳು." ಅವರ ದನಿ ಏರಲಿಲ್ಲ, ಅದೇ ಹೆದರಿಕೆ. "ಹಂದರದಾಗ ಮುನ್ನೂರ ಮಂದಿ ಕುಂತಾರ. ಎಲ್ಲಾರನ್ನೂ ಉಣಿಸಿ ಕಳಸ್ತೇನಿ, ಅಕ್ಕಿಕಾಳ ಇಲ್ದ. ಗಂಡಸರ ಬಟ್ಟಿ ಹಾಕ್ಕೊಂಡು ತಿರಗೂ ಹೆಣ್ಣು ಈ ಮನಿಯಾಗ—"

ಅಲ್ಲಿಗೆ ಮಾತು ನಿಂತಿತು. ಉಗ್ರಾಣದ ಬಾಗಿಲಿಂದ ಮುದಕವ್ವ ಬಂದು ನಡುವೆ ನಿಂತಿದ್ದಳು, ಕಪ್ಪು ಕೋಟಿನ ಕಿಸೆಯಲ್ಲಿ ಕೈಯಿಟ್ಟು. ಮೈಲಾರಲಿಂಗಪ್ಪನವರ ಕಣ್ಣು ಆ ಕೋಟಿನ ಹಿತ್ತಾಳೆ ಗುಂಡಿಗಳ ಮೇಲೆ ಒಂದು ಕ್ಷಣ ಇತ್ತು. ಕಿಸೆಯಲ್ಲಿ ಕೀಲಿಕೈಗಳು ಒಮ್ಮೆ ಸದ್ದು ಮಾಡಿದವು.

"ಹೊತ್ತ ಎಷ್ಟಾತು?" ಅಂದಳು ಮುದಕವ್ವ.

"ವೈನಿ, ನಿಮಗ ಗೊತ್ತಿಲ್ಲ, ಇವರು—"

"ನನಗ ಕಿವಿ ಅದಾವ." ಅವಳು ನನ್ನ ಹತ್ತಿರ ಬಂದು ಗಂಟನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು, ಬೀಜದ ಜೋಳ ನೋಡಿದ ಹಾಗೆ. "ಇದು ಮಂದಿ ಹಾಕಿದ ಗಂಟು. ನನ್ನ ಹುಡುಗನ ಮೈಮ್ಯಾಲ ಏರಂಗಿಲ್ಲ."

ಆಗ ಪರಮೇಶ್ವರಪ್ಪ ಅಪ್ಪನನ್ನು ದಾಟಿ ಒಳಗೆ ಬಂದ. ನಿಶ್ಚಯದ ದಿನದಿಂದ ಆ ಗಳಿಗೆಯವರೆಗೆ ಅವನ ದನಿ ನಾನು ಕೇಳಿದ್ದು ಎರಡೇ ಸಲ.

"ದೊಡ್ಡವ್ವ, ಇಕಿ ಮಂದೀನ?"

"ತಾಳಿ ಬಿದ್ದಿಲ್ಲ. ಇನ್ನೂ ಮಂದೀನ."

"ಬಿದ್ದ ಮ್ಯಾಲ?"

ಮೈಲಾರಲಿಂಗಪ್ಪನವರು ಮಗನ ಕಡೆ ತಿರುಗಿದರು. "ನೀ ನಡುವ ಬಾಯಿ ಹಾಕಬ್ಯಾಡ. ನಿನಗೂ ಸುಳ್ಳ ಹೇಳ್ಯಾರ."

"ನನಗ ಗೊತ್ತಿತ್ತಪ್ಪ." ಅವನ ಕಿವಿ ಕೆಂಪಾಗಿದ್ದವು. "ಜನವರಿಯಾಗ ಶಿಗ್ಗಾಂವಿ ಬಸ್‌ಸ್ಟ್ಯಾಂಡಿನ್ಯಾಗ ನೋಡಿದ್ದೆ. ಟೈ ಕಟ್ಟಿಕೊಂಡು, ಮೆಂತೆಪಲ್ಲೆ ಸಿವುಡು ಹಿಡಕೊಂಡು ನಿಂತಿದ್ಲು. ನೋಡೇ ಹ್ಞೂಂ ಅಂದೆ. ನೀ ಅವರನ್ನ ಕೇಳಿದಾಗ ನಾನೂ ಸುಮ್ಮನ ಇದ್ದೆ. ಸುಳ್ಳು ಅಂದ್ರ ನಂದೂ ಅರ್ಧ ಐತಿ."

ನಾನು ಆ ಮೆಂತೆಪಲ್ಲೆಯನ್ನು ನೆನಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ.

ಮುದಕವ್ವ ನನ್ನ ಗಲ್ಲ ಹಿಡಿದು ಮೇಲೆತ್ತಿದಳು. ಅದರಲ್ಲಿ ಮುದ್ದು ಇರಲಿಲ್ಲ. "ನನ್ನ ಕಣ್ಣ ನೋಡಿ ಹೇಳು. ಮದಿವಿ ಆದ ಮ್ಯಾಲ?"

ಇಲ್ಲ ಎಂದುಬಿಟ್ಟರೆ ಎಲ್ಲ ಮುಗಿಯುತ್ತಿತ್ತು. ಅವ್ವನ ತುಟಿ ಆ 'ಇಲ್ಲ'ವನ್ನು ನನಗಾಗಿ ಆಡುತ್ತಿದ್ದದ್ದು ಕಾಣುತ್ತಿತ್ತು. ಆದರೆ ಅಂಥ ಒಂದು 'ಇಲ್ಲ'ದ ಬೆಲೆ ಏನೆಂದು ಅದೇ ಅರ್ಧ ತಾಸಿನಲ್ಲಿ ನೋಡಿದ್ದೆ. ಅದು ನನ್ನ ಎಡಕ್ಕೆ, ಗೋಡೆಗೆ ಒರಗಿ, ಕಣ್ಣಲ್ಲಿ ನೀರಿಲ್ಲದೆ ನಿಂತಿತ್ತು.

"ಕಟ್ಟಿಕೊಳ್ತೇನ್ರಿ," ಅಂದೆ. "ಶನಿವಾರ."

ಮುದಕವ್ವ ಗಲ್ಲ ಬಿಟ್ಟಳು. ಗೋಡೆಯ ಗಡಿಯಾರದ ಮುಳ್ಳು ಒಂದು ಗೆರೆ ದಾಟಿತು, ಇನ್ನೊಂದರ ಹತ್ತಿರ ಬಂತು.

"ಬಿಚ್ಚು," ಅಂದಳು ಕೊನೆಗೆ. "ಬಿಚ್ಚಿ ನನ್ನ ಕೈಯಾಗ ಕೊಡು. ಅವ ಬರೇ ಕೊಳ್ಳಿಲೇನ ಹಸಿಮಣಿಗೆ ಏರ್ತಾನ. ತಾಳಿ ಬೀಳಲಿ. ಬಿದ್ದ ಕೂಡಲೇ ಅಲ್ಲೇ, ಮುನ್ನೂರ ಮಂದಿ ಮುಂದ, ನೀನ ಅವನ ಕೊಳ್ಳಾಗ ಕಟ್ಟಬೇಕು. ಒಳಗ ಕದ್ದು ಮುಚ್ಚಿ ಅಲ್ಲ. ಆಗ ಅದು ಮನಿ ಗಂಟು." ಮೈದುನನ ಕಡೆ ತಿರುಗಿದಳು. "ಅಕ್ಕಿಕಾಳ ಬ್ಯಾಡ ಅಂದ್ರ ಈಗ ಹೇಳು. ಉಗ್ರಾಣಕ್ಕ ಕೀಲಿ ಹಾಕ್ತೇನಿ."

ಮೈಲಾರಲಿಂಗಪ್ಪನವರು ರುಮಾಲು ತೆಗೆದು ತಲೆಯ ಬೆವರು ಒರೆಸಿಕೊಂಡು, ಮತ್ತೆ ಇಟ್ಟುಕೊಂಡು, ಹೊರಗೆ ನಡೆದರು. ಹಂದರದಲ್ಲಿ ಅವರ ದನಿಗಾಗಿ ನಾವೆಲ್ಲ ಕಿವಿಯಾದೆವು. ಊಟದ ಮಾತೋ ಅಕ್ಕಿಕಾಳಿನ ಮಾತೋ.

"ಅಕ್ಕಿಕಾಳಿಗೆ ಅಯ್ಯನೋರನ್ನ ಕರೀರಿ," ಅಂದರು.

ಅಕ್ಕಿಕಾಳು 12 ಗಂಟೆ 26 ನಿಮಿಷಕ್ಕೇ ಬಿದ್ದವು. ಪರಮೇಶ್ವರಪ್ಪ ತಾಳಿ ಕಟ್ಟಿದ. ಆಮೇಲೆ ಮುದಕವ್ವ ಟೈ ತಂದು ನನ್ನ ಕೈಗಿಟ್ಟಳು. "ಹ್ಞೂಂ."

ಬ್ಯಾಂಡು ನಿಂತಿತು. ಎದುರಿನವರ ಕೊರಳಿಗೆ ಕಟ್ಟುವಾಗ ಎಡ ಬಲವಾಗುತ್ತದೆ. ಎರಡು ವರ್ಷ ಕನ್ನಡಿಯೊಳಗಿನ ನನಗೆ ಕಟ್ಟಿದ್ದೆನೇ ಹೊರತು ಕನ್ನಡಿಯಾಚೆಯ ಒಬ್ಬ ಮನುಷ್ಯನಿಗೆ ಎಂದೂ ಕಟ್ಟಿರಲಿಲ್ಲ. ಮೊದಲ ಸಲ ಗಂಟು ಕುಸಿದು ಬಿಚ್ಚಿಹೋಯಿತು. ಹಿಂದಿನ ಸಾಲಿನಿಂದ ಯಾರೋ, "ಅಳತಿ ತಪ್ಪೈತಿ, ದರ್ಜಿನ್ನ ಕರೀರಿ!" ಎಂದು ಕೂಗಿದರು, ನಗು ಎದ್ದಿತು. ಅವನು ಬಾಸಿಂಗದ ಕೆಳಗಿಂದ, ನನಗೊಬ್ಬಳಿಗೇ ಕೇಳುವಂತೆ, "ಅವಸರ ಇಲ್ಲ. ಸಾಹೇಬ್ರು ಇನ್ನೂ ಬಂದಿಲ್ಲ," ಅಂದ.

ಎರಡನೆಯ ಸಲ ಗಂಟು ನಿಂತಿತು. ಕೊರಳ ಗಾತ್ರ ನನ್ನ ಲೆಕ್ಕಕ್ಕಿಂತ ದೊಡ್ಡದಿತ್ತು, ಟೈ ಗಿಡ್ಡವಾಯಿತು. ಬಿಚ್ಚಿ ಮೂರನೆಯ ಸಲ ಕಟ್ಟುವ ಧೈರ್ಯ ನನಗಿರಲಿಲ್ಲ. ಫೋಟೋದವನು ಅಷ್ಟರಲ್ಲಿ ಬೆಳಕು ಹೊಡೆದ.

ಮೈಲಾರಲಿಂಗಪ್ಪನವರು ಆ ದಿನ ಅಪ್ಪನ ಜೊತೆ ಪಂಕ್ತಿಯಲ್ಲಿ ಕೂರಲಿಲ್ಲ. ಮುಂದೆ ನಾಲ್ಕು ವರ್ಷ ಶಿಗ್ಗಾಂವಿಯ ಮನೆಯ ನೀರೂ ಮುಟ್ಟಲಿಲ್ಲ. ಅದು ಅವರ ಹಕ್ಕು ಎಂದೇ ನಾನು ಅಂದುಕೊಂಡಿದ್ದೇನೆ.

ಜನ್ನತಬಿ ಊಟ ಮಾಡದೆ ಮೂರು ಗಂಟೆಯ ಬಸ್ಸಿಗೆ ಹೊರಟಳು. ನಾನು ಅರಿಷಿಣದ ಕಾಲಲ್ಲೇ ಹಂದರದ ಬಾಗಿಲವರೆಗೆ ಓಡಿದೆ.

"ಗಿಡ್ಡ ಆತು," ಅಂದಳು ಅವಳು, ತಿರುಗದೆ. "ತುದಿ ಸೊಂಟದ ಪಟ್ಟಾ ಮುಟ್ಟಬೇಕು. ನಮ್ಮ ಅಬ್ಬಾ ನೋಡಿದ್ರ ಅಲ್ಲೇ ಬಿಚ್ಚಸ್ತಿದ್ರು."

"ಜನ್ನತ, ತಪ್ಪಾತು ನಂದು."

"ಹೌದು," ಅಂದಳು. "ಆತು."

ಹಾನಗಲ್ಲಿನ ಆ ಸಂಬಂಧ ಮುಂದುವರಿಯಲಿಲ್ಲ. ಆ ಕೋಣೆಯ ಮಾತೇ ಕಾರಣವೋ, ಬೇರೆಯೋ, ನನಗೆ ಗೊತ್ತಾಗಲಿಲ್ಲ. ಅವಳು ಹೇಳಲಿಲ್ಲ. ಎರಡು ವರ್ಷದ ಮೇಲೆ ಸವಣೂರಿನಲ್ಲೇ ಮದುವೆಯಾದಳು. ಕರೆದಳು, ಹೋದೆ. ಮೊದಲಿನ ಹಾಗೆ ನಾಲ್ಕು ಪುಟದ ಪತ್ರ ಮಾತ್ರ ಮತ್ತೆ ಬರಲಿಲ್ಲ.

ಈಗ 1986. ಹಾನಗಲ್ಲಿನ ನಮ್ಮ ಮನೆಯ ಬಾಗಿಲ ಪಕ್ಕದ ಗೂಟಕ್ಕೆ ಆ ಟೈ ತೂಗುತ್ತದೆ. ಬ್ಯಾಂಕಿನಲ್ಲಿ ಸಭೆಯಿದ್ದರೆ ಪರಮೇಶ್ವರಪ್ಪನಿಗೆ, ಶನಿವಾರ ನನಗೆ. ಯಾರೂ ಗಂಟು ಹಾಕಿ ಇಡುವುದಿಲ್ಲ; ಪ್ರತಿ ಸಲ ಬಿಚ್ಚಿಯೇ ತೂಗುಹಾಕುತ್ತೇವೆ. ಹೋದ ವಾರ ಜನ್ನತಬಿ ಮಗಳನ್ನು ಕರೆದುಕೊಂಡು ಬಂದಿದ್ದಳು. ಗೋಡೆಯ ಮೇಲಿನ ಮದುವೆಯ ಫೋಟೋ ಮುಂದೆ ನಿಂತು, "ಎಷ್ಟ ಗಿಡ್ಡ ಆಗಿತ್ತ ನೋಡು," ಎಂದಳು. ಎಷ್ಟು ಎಂದು ನಾನು ಹೇಳಲಾರದೆ ಹೋದೆ.

ಅವಳು ಹೋದ ಮೇಲೆ ಫೋಟೋ ಇಳಿಸಿ ಸ್ಕೇಲು ಹಿಡಿದೆ. ಟೈಯ ಅಗಲ, ಅದು ಅತಿ ಅಗಲವಿರುವ ಜಾಗದಲ್ಲಿ, ಫೋಟೋದಲ್ಲಿ 0.6 ಸೆಂಟಿಮೀಟರ್, ಗೂಟದ ಮೇಲಿನ ನಿಜವಾದ ಟೈಯಲ್ಲಿ 9. ಅಂದರೆ ಫೋಟೋ ಹದಿನೈದು ಪಟ್ಟು ಚಿಕ್ಕದು. ಕೋಟಿನ ಗುಂಡಿ ಹಾಕಿಲ್ಲವಾದ್ದರಿಂದ ಸೊಂಟದ ಪಟ್ಟಾ ಸರಿಯಾಗಿ ಕಾಣುತ್ತದೆ. ಟೈಯ ತುದಿಯಿಂದ ಪಟ್ಟಾದವರೆಗೆ ಫೋಟೋದಲ್ಲಿ 0.8. ಎರಡು ಸಲ ಅಳೆದೆ. ಗಿಡ್ಡವಾದದ್ದು ಹನ್ನೆರಡು ಸೆಂಟಿಮೀಟರ್.